ಹೊಗೆಯ ಲೆಕ್ಕ: ದೇಶದ್ದೆಷ್ಟು, ಮನೆಯದೆಷ್ಟು?



2023ರ ಮುಂಗಾರನ್ನು ನೀವು ಮರೆತಿರಲಾರಿರಿ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವೇ ಸಾರಬೇಕಾಯಿತು. ಬಿತ್ತಿದ ಬೀಜ ಮಣ್ಣಿನಲ್ಲೇ ಉಳಿಯಿತು. ಕೊಳವೆ ಬಾವಿಗಳು ಬರಿದಾದವು. ಅದಕ್ಕೆ ನಾಲ್ಕು ವರ್ಷ ಮೊದಲು, 2019ರಲ್ಲಿ, ಇದೇ ರಾಜ್ಯದಲ್ಲಿ ಕೃಷ್ಣೆಯೂ ಮಲಪ್ರಭೆಯೂ ದಡ ಮೀರಿ ಹರಿದು ಊರೂರುಗಳನ್ನೇ ಮುಳುಗಿಸಿದ್ದವು. ಬಂದರೆ ಒಂದೇ ಸಲ ಸುರಿಯುವ ಮಳೆ, ಬಾರದಿದ್ದರೆ ತಿಂಗಳುಗಟ್ಟಲೆ ಮೋಡದ ಸುಳಿವೂ ಇಲ್ಲ. ನಕ್ಷತ್ರ ನೋಡಿ ಬಿತ್ತುವ ಹಿರಿಯರ ಲೆಕ್ಕ ಈಗೀಗ ತಪ್ಪತೊಡಗಿದೆ.

ಯಾವುದೋ ಒಂದು ವರ್ಷದ ಬರಕ್ಕೆ ಇದೊಂದೇ ಕಾರಣವೆಂದು ಬೆರಳು ಮಾಡಿ ತೋರಿಸಲಾಗದು. 2023ರಲ್ಲಿ ಪೆಸಿಫಿಕ್ ಸಾಗರದ ನೀರು ಕಾದು ಎಲ್ ನಿನೋ ಎಂಬ ಸ್ಥಿತಿ ಉಂಟಾಗಿದ್ದುದೂ ನಿಜ. ಆದರೆ ಭೂಮಿಯ ವಾತಾವರಣ ವರ್ಷದಿಂದ ವರ್ಷಕ್ಕೆ ಬಿಸಿಯೇರುತ್ತಿದೆ. ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹೊರುತ್ತದೆ. ಆದುದರಿಂದ ಒಣಗಿದಾಗ ಭೂಮಿ ಬೇಗ ಒಣಗುತ್ತದೆ, ಸುರಿದಾಗ ಮಳೆ ಬಿರುಸಾಗಿ ಸುರಿಯುತ್ತದೆ. ಇದಕ್ಕೆ ಕಾರಣವೇನು, ಸರ್ಕಾರ ಮಾಡುತ್ತಿರುವುದೇನು, ನಮ್ಮ ಮನೆ-ಹೊಲಗಳಲ್ಲಿ ಮಾಡಬಹುದಾದುದೇನು ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಭೂಮಿಗೆ ಹೊದಿಸಿದ ಕಂಬಳಿ

ಸೌದೆ, ಕಲ್ಲಿದ್ದಲು, ಸೀಮೆಎಣ್ಣೆ, ಡೀಸೆಲ್ ಇವೆಲ್ಲವುಗಳಲ್ಲಿಯೂ ಇಂಗಾಲವಿದೆ. ಉರಿಯುವಾಗ ಈ ಇಂಗಾಲವು ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈಆಕ್ಸೈಡ್, ಆಗುತ್ತದೆ. ಗಾಳಿಯಿಂದ ಆಮ್ಲಜನಕ ಸೇರುವುದರಿಂದ ಸುಟ್ಟ ವಸ್ತುವಿಗಿಂತ ಹುಟ್ಟಿದ ಅನಿಲದ ತೂಕವೇ ಹೆಚ್ಚು. ಒಂದು ಲೀಟರ್ ಡೀಸೆಲ್ಲಿನ ತೂಕ ಒಂದು ಕಿಲೋಗಿಂತ ಕಡಿಮೆ. ಅದು ಉರಿದಾಗ ಹೊರಡುವ ಇಂಗಾಲಾಮ್ಲ ಸುಮಾರು 2.7 ಕಿಲೋ.

ಈ ಅನಿಲ ಕಣ್ಣಿಗೆ ಕಾಣದು, ವಾಸನೆ ಇಲ್ಲ, ವಿಷವೂ ಅಲ್ಲ. ನಮ್ಮ ಬೆಳೆಗಳು ಉಣ್ಣುವುದೇ ಅದನ್ನು. ಆದರೆ ಅದು ಭೂಮಿಯ ಕಾವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಕುರುಬರ ಕಂಬಳಿ ತಾನಾಗಿ ಬೆಂಕಿಯಲ್ಲ. ಮೈಯ ಶಾಖವನ್ನು ಹೊರಗೆ ಹೋಗಗೊಡದೆ ಬೆಚ್ಚಗಿಡುತ್ತದೆ. ಚಳಿಗಾಲಕ್ಕೆ ಒಂದು ಕಂಬಳಿ ಹಿತ. ನಾಲ್ಕು ಕಂಬಳಿ ಹೊದಿಸಿದರೆ? ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ಸುಮಾರು 280 ಪಾಲಿತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಕ್ರಮವಾಗಿ ಅಳೆಯಲು ಆರಂಭಿಸಿದಾಗ ಸುಮಾರು 315 ಇತ್ತು. ಈಗ 420ನ್ನು ದಾಟಿದೆ. ಕಂಬಳಿ ದಪ್ಪವಾಗುತ್ತಲೇ ಇದೆ.

ಇದಲ್ಲದೆ ಇನ್ನೆರಡು ಅನಿಲಗಳನ್ನು ರೈತನು ತಿಳಿದಿರಬೇಕು. ನೀರು ನಿಂತ ಗದ್ದೆಯಲ್ಲಿ, ದನದ ಹೊಟ್ಟೆಯಲ್ಲಿ, ಸಗಣಿಯ ಗುಂಡಿಯಲ್ಲಿ ಹುಟ್ಟುವ ಮೀಥೇನ್ ಒಂದು. ಅದು ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು 28 ಪಟ್ಟು ಕಾವು ಹಿಡಿಯುತ್ತದೆ. ಹೊಲಕ್ಕೆ ಹಾಕಿದ ಸಾರಜನಕ ಗೊಬ್ಬರದಿಂದ ಹೊರಡುವ ನೈಟ್ರಸ್ ಆಕ್ಸೈಡ್ ಇನ್ನೊಂದು. ಅದರ ಬಲ ಸುಮಾರು 270 ಪಟ್ಟು.

ತಪ್ಪು ಯಾರದು?

‘ವಿಮಾನ ಹಾರಿಸುವವರು, ಕಾರ್ಖಾನೆ ನಡೆಸುವವರು ಬೇರೆ, ಎರಡೆಕರೆ ಉಳುವ ನನಗೇಕೆ ಈ ಬೋಧನೆ?’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಭಾರತದಲ್ಲಿ ಇಂಧನ ಸುಡುವುದರಿಂದ ವರ್ಷಕ್ಕೆ ತಲೆಗೆ ಸುಮಾರು ಎರಡು ಟನ್ನು ಇಂಗಾಲಾಮ್ಲ ಹೊರಡುತ್ತದೆ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ಅಮೆರಿಕದಲ್ಲಿ ಸುಮಾರು ಏಳು ಪಟ್ಟು. ನಮ್ಮ ದೇಶದೊಳಗೂ ಪಟ್ಟಣದ ಶ್ರೀಮಂತರ ಪಾಲು ಬೇರೆ, ಹಳ್ಳಿಯ ಕೂಲಿಕಾರನ ಪಾಲು ಬೇರೆ. ಹಿಂದೆ ಸೇರಿದ ಅನಿಲದಲ್ಲಿ ದೊಡ್ಡ ಭಾಗ ಬೇರೆ ದೇಶಗಳದ್ದು.

ಆದುದರಿಂದ ಈ ಲೇಖನ ನಿಮ್ಮ ಮೇಲೆ ತಪ್ಪು ಹೊರಿಸಲು ಬರೆದುದಲ್ಲ. ಆದರೆ ಮಳೆ ತಪ್ಪಿದಾಗ ಮೊದಲು ನಷ್ಟ ಅನುಭವಿಸುವವನು ರೈತನೇ ತಾನೆ? ಇನ್ನೊಂದು ಮಾತು: ಹಳ್ಳಿಯಲ್ಲಿ ಹೊಗೆ ತಗ್ಗಿಸುವ ಕೆಲಸಗಳಲ್ಲಿ ಹೆಚ್ಚಿನವು ಮೊದಲು ಉಳಿಸುವುದು ನಿಮ್ಮ ನೀರನ್ನು, ನಿಮ್ಮ ಗೊಬ್ಬರದ ಹಣವನ್ನು, ನಿಮ್ಮ ಮನೆಯವರ ಕಣ್ಣು ಮತ್ತು ಶ್ವಾಸಕೋಶಗಳನ್ನು. ಲೋಕಕ್ಕೆ ಆಗುವ ಉಪಕಾರ ಅದರ ಬೆನ್ನಿಗೇ ಬರುವಂಥದು. ನಿಮಗೆ ಲಾಭವಿಲ್ಲದುದನ್ನು ಲೋಕಕ್ಕಾಗಿ ಮಾಡಿರೆಂದು ಇಲ್ಲಿ ಹೇಳುವುದಿಲ್ಲ.

ಸರ್ಕಾರ ಏನು ಮಾಡುತ್ತಿದೆ?

2015ರಲ್ಲಿ ಪ್ಯಾರಿಸ್ ನಗರದಲ್ಲಿ ಆದ ಒಪ್ಪಂದದಂತೆ ಪ್ರತಿಯೊಂದು ದೇಶವೂ ತನ್ನ ಸಂಕಲ್ಪವನ್ನು ಜಗತ್ತಿನ ಮುಂದೆ ಇಟ್ಟಿತು. ಭಾರತವು 2022ರಲ್ಲಿ ಪರಿಷ್ಕರಿಸಿದ ಸಂಕಲ್ಪದಲ್ಲಿ ಎರಡು ಮುಖ್ಯ ಮಾತುಗಳಿವೆ. ಮೊದಲನೆಯದು, ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಹೊರಡುವ ಹಸಿರುಮನೆ ಅನಿಲವನ್ನು 2005ರಲ್ಲಿದ್ದುದಕ್ಕಿಂತ ಶೇಕಡ 45ರಷ್ಟು 2030ರ ವೇಳೆಗೆ ತಗ್ಗಿಸುವುದು. ಎರಡನೆಯದು, ಅದೇ ವೇಳೆಗೆ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಅನಿಲಗಳಲ್ಲದ ಮೂಲಗಳಿಂದ ಇರುವುದು. 2070ರ ವೇಳೆಗೆ, ಹೊರಬಿಡುವಷ್ಟನ್ನೇ ಹೀರಿಕೊಳ್ಳುವ ಸ್ಥಿತಿ ತಲುಪುವುದಾಗಿ 2021ರ ಗ್ಲಾಸ್ಗೋ ಸಭೆಯಲ್ಲಿ ದೇಶವು ಘೋಷಿಸಿತ್ತು.

ಎರಡನೆಯ ಗುರಿಯನ್ನು ಐದು ವರ್ಷ ಮೊದಲೇ, 2025ರಲ್ಲಿ, ಮುಟ್ಟಲಾಯಿತು. ಇದು ಸಂತೋಷದ ಸಂಗತಿ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಹತ್ತು ಜನ ಆಳುಗಳಿದ್ದರೂ ಐದು ಜನ ಹಗಲು ಮಾತ್ರ ಬಂದರೆ ರಾತ್ರಿಯ ಕೆಲಸವೆಲ್ಲ ಉಳಿದವರ ಪಾಲಿಗೇ ಬೀಳುತ್ತದೆ. ಸೌರ ಫಲಕ ಬಿಸಿಲಿದ್ದಾಗ ಮಾತ್ರ, ಗಾಳಿಯಂತ್ರ ಗಾಳಿಯಿದ್ದಾಗ ಮಾತ್ರ ದುಡಿಯುತ್ತವೆ. ಹೀಗಾಗಿ ದೇಶದಲ್ಲಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಶೇಕಡ 70ರ ಆಸುಪಾಸು ಈಗಲೂ ಕಲ್ಲಿದ್ದಲಿನದೇ. ದೇಶದ ಎಲ್ಲ ಮೂಲಗಳನ್ನು ಕೂಡಿಸಿ ಸರಾಸರಿ ನೋಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲಾಮ್ಲ. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹಳೆಯ ಹೆಸರಿದೆ. 1902ರಲ್ಲಿಯೇ ಶಿವನಸಮುದ್ರದ ನೀರಿನಿಂದ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮುಂದೆ ಶರಾವತಿ ಬಂದಿತು. ಬೇಡಿಕೆ ಬೆಳೆದಂತೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳು ಬಂದವು. ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಸುಮಾರು 13,000 ಎಕರೆ ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಬರದ ನಾಡಿನ ಭೂಮಾಲೀಕರಿಗೆ ವರ್ಷವರ್ಷವೂ ನಿಶ್ಚಿತ ಹಣ ದೊರಕಿತು. ಆದರೆ ಜಮೀನಿಲ್ಲದ ಕೂಲಿಗಾರರಿಗೆ ಹೊಲದ ಕೆಲಸ ತಪ್ಪಿತು. ಕುರಿ ಮೇಯಿಸುವವರಿಗೆ ಮೇವಿನ ನೆಲ ಕಿರಿದಾಯಿತು. ದೊಡ್ಡ ಯೋಜನೆ ಊರಿಗೆ ಬಂದಾಗ ಜಮೀನುಳ್ಳವರು ಮಾತ್ರವಲ್ಲ, ಇಲ್ಲದವರೂ ಗ್ರಾಮಸಭೆಯಲ್ಲಿ ಕುಳಿತು ಮಾತನಾಡಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಒಂದು ಮನೆಯ ವರ್ಷದ ಲೆಕ್ಕ

ಈಗ ಹಳ್ಳಿಯ ಒಂದು ಮನೆಯನ್ನು ತೆಗೆದುಕೊಳ್ಳೋಣ. ಒಂದು ಕೊಳವೆ ಬಾವಿ, 5 ಅಶ್ವಶಕ್ತಿಯ ಪಂಪು, ಒಂದು ಎಕರೆ ಭತ್ತ, ಉಳಿದದ್ದು ರಾಗಿ, ತೊಗರಿ, ಎರಡು ಹಸು. ಲೆಕ್ಕ ಸ್ಥೂಲವಾದುದು, ಮಣ್ಣು, ಹವೆ, ಯಂತ್ರಗಳಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ.

ಮನೆಯ ದೀಪ, ಫ್ಯಾನು, ಮಿಕ್ಸಿ, ಟಿವಿಗಳಿಗೆ ತಿಂಗಳಿಗೆ 60 ಯೂನಿಟ್ ಎಂದರೆ ವರ್ಷಕ್ಕೆ 720 ಯೂನಿಟ್. ಇಂಗಾಲಾಮ್ಲ ಸುಮಾರು ಅರ್ಧ ಟನ್ನು.

ಪಂಪು ದಿನಕ್ಕೆ ಆರು ಗಂಟೆ ಓಡಿದರೆ ಸುಮಾರು 25 ಯೂನಿಟ್. ವರ್ಷದಲ್ಲಿ 150 ದಿನ ಓಡಿದರೆ 3,750 ಯೂನಿಟ್. ಇಂಗಾಲಾಮ್ಲ ಎರಡೂವರೆ ಟನ್ನಿಗೂ ಹೆಚ್ಚು.

ನೀರು ಸದಾ ನಿಲ್ಲಿಸಿ ಬೆಳೆದ ಒಂದು ಎಕರೆ ಭತ್ತದಿಂದ ಒಂದು ಬೆಳೆಗೆ ಸುಮಾರು 40 ಕಿಲೋ ಮೀಥೇನ್. ಎಂದರೆ ಒಂದು ಟನ್ನಿಗೂ ಮೀರಿದ ಇಂಗಾಲಾಮ್ಲಕ್ಕೆ ಸಮ.

ಒಂದು ಮೂಟೆ ಯೂರಿಯಾ ಹೊಲಕ್ಕೆ ಬಿದ್ದ ಮೇಲೆ ಹೊರಡುವ ಅನಿಲಗಳು ನೂರು ಕಿಲೋಗೂ ಹೆಚ್ಚಿನ ಇಂಗಾಲಾಮ್ಲಕ್ಕೆ ಸಮ. ಅದನ್ನು ತಯಾರಿಸುವಾಗ ಕಾರ್ಖಾನೆಯಲ್ಲಿ ಹೊರಟದ್ದು ಬೇರೆ.

ಹಸುವೊಂದು ಮೆಲುಕು ಹಾಕುವಾಗ ಹೊರಬಿಡುವ ಮೀಥೇನ್ ವರ್ಷಕ್ಕೆ ಸುಮಾರು ಒಂದು ಟನ್ನು ಇಂಗಾಲಾಮ್ಲಕ್ಕೆ ಸಮ.

ಈ ಪಟ್ಟಿಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ‘ದೀಪ ಆರಿಸಿ’ ಎಂಬ ಬುದ್ಧಿವಾದ ಪಟ್ಟಣದವರಿಗೆ ಸರಿ. ಹಳ್ಳಿಯಲ್ಲಿ ದೊಡ್ಡ ಲೆಕ್ಕವಿರುವುದು ಪಂಪಿನಲ್ಲಿ, ಗದ್ದೆಯಲ್ಲಿ, ಗೊಬ್ಬರದಲ್ಲಿ, ಕೊಟ್ಟಿಗೆಯಲ್ಲಿ. ಆದಕಾರಣ ಅಲ್ಲಿಂದಲೇ ಆರಂಭಿಸೋಣ.

ಪಂಪ್‌ಸೆಟ್ಟು: ಬಿಲ್ಲಿಲ್ಲದ ವೆಚ್ಚ

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ. ರಾಜ್ಯದಲ್ಲಿ ಬಳಕೆಯಾಗುವ ಕರೆಂಟಿನ ಸುಮಾರು ಮೂರನೆಯ ಒಂದು ಪಾಲು ಇವುಗಳಿಗೇ ಹೋಗುತ್ತದೆ. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಕರೆಂಟು ಉಚಿತ. ಬಿಲ್ಲು ಬಾರದಿದ್ದ ಮಾತ್ರಕ್ಕೆ ವೆಚ್ಚವಾಗಲಿಲ್ಲವೆಂದಲ್ಲ. ಆ ಹಣವನ್ನು ಸರ್ಕಾರ ನಮ್ಮೆಲ್ಲರ ತೆರಿಗೆಯಿಂದಲೇ ತುಂಬುತ್ತದೆ. ರೈತನು ಕೊಡುವ ಬೆಲೆ ಇನ್ನೊಂದು ರೂಪದಲ್ಲಿದೆ. ಕರೆಂಟು ಹಗಲಿನಲ್ಲಿ ಕೆಲವೇ ಗಂಟೆ. ಅದೂ ಕೆಲವೊಮ್ಮೆ ರಾತ್ರಿ. ಹಾವು ಚೇಳುಗಳ ಭಯದಲ್ಲಿ ಬ್ಯಾಟರಿ ಹಿಡಿದು ನೀರು ಕಟ್ಟಲು ಹೋಗುವ ಕಷ್ಟ ನಿಮಗೆ ಗೊತ್ತೇ ಇದೆ.

ಇದಕ್ಕಾಗಿ ಬಹುಜನ ಆಟೋ ಸ್ಟಾರ್ಟರ್ ಹಾಕಿಕೊಂಡಿದ್ದಾರೆ. ಕರೆಂಟು ಬಂದೊಡನೆ ಪಂಪು ತಾನೇ ಓಡುತ್ತದೆ. ಹೊಲಕ್ಕೆ ಬೇಕಿರಲಿ ಬೇಡವಾಗಿರಲಿ, ಕರೆಂಟು ಹೋಗುವವರೆಗೂ ನೀರೆತ್ತುತ್ತದೆ. ಫೀಡರಿನ ಎಲ್ಲ ಪಂಪುಗಳೂ ಒಟ್ಟಿಗೇ ಎದ್ದಾಗ ವೋಲ್ಟೇಜ್ ಕುಸಿಯುತ್ತದೆ, ಮೋಟಾರು ಸುಡುತ್ತದೆ, ಟ್ರಾನ್ಸ್‌ಫಾರ್ಮರ್ ಕೂಡ ಸುಡುತ್ತದೆ. ಅಂತರ್ಜಲ ಇನ್ನಷ್ಟು ಕೆಳಗಿಳಿಯುತ್ತದೆ. ಆಳ ಹೆಚ್ಚಿದಷ್ಟೂ ಅದೇ ಒಂದು ಕೊಡ ನೀರಿಗೆ ಹೆಚ್ಚು ಕರೆಂಟು ಬೇಕು. ಇಲ್ಲಿ ಇಂಗಾಲ ಉಳಿಸುವುದೆಂದರೆ ಕೊಳವೆ ಬಾವಿಯನ್ನೇ ಉಳಿಸಿಕೊಳ್ಳುವುದು.

ಆದುದರಿಂದ ಮಾಡಬೇಕಾದುದು ಇಷ್ಟು. ಆಟೋ ಸ್ಟಾರ್ಟರ್ ಇದ್ದರೆ ಅದಕ್ಕೆ ಸಮಯ ನಿಗದಿ ಮಾಡುವ ಟೈಮರ್ ಇರಲಿ, ಇಲ್ಲವೆ ಮೊಬೈಲಿನಿಂದ ನಿಲ್ಲಿಸುವ ಸಾಧನವಿರಲಿ. ಪಂಪಿಗೆ ಕೆಪಾಸಿಟರ್ ಹಾಕಿಸಿ. ಎರಡು ಮೂರು ಬಾರಿ ಸುಟ್ಟು ಸುತ್ತಿಸಿದ ಮೋಟಾರು ಹೆಚ್ಚು ಕರೆಂಟು ತಿಂದು ಕಡಿಮೆ ನೀರು ಕೊಡುತ್ತದೆ. ಮತ್ತೆ ಸುತ್ತಿಸುವ ಮೊದಲು ಸ್ಟಾರ್ ಗುರುತಿನ ಹೊಸ ಪಂಪಿನ ಬೆಲೆಯನ್ನು ವಿಚಾರಿಸಿ. ಬಾವಿಯ ಆಳಕ್ಕೂ ನೀರಿನ ಇಳುವರಿಗೂ ಹೊಂದುವ ಪಂಪನ್ನೇ ಕೊಳ್ಳಿ. ಪಕ್ಕದವನದು ಏಳೂವರೆ ಎಂದು ನಮ್ಮದೂ ಏಳೂವರೆ ಆಗಬೇಕಾಗಿಲ್ಲ. ತೋಟಕ್ಕೆ, ತರಕಾರಿಗೆ ಹನಿ ನೀರಾವರಿ ಅಳವಡಿಸಿದರೆ ಪಂಪು ಓಡುವ ಗಂಟೆಗಳೇ ಕಡಿಮೆಯಾಗುತ್ತವೆ. ಅದಕ್ಕೆ ಸಹಾಯಧನವೂ ಇದೆ.

ಹಗಲಿನಲ್ಲಿ ಪಂಪು ನಡೆಸುವುದು ಇನ್ನೂ ಮೇಲು. ಬಿಸಿಲಿನ ಹೊತ್ತು ಗ್ರಿಡ್ಡಿನಲ್ಲಿ ಸೌರ ವಿದ್ಯುತ್ ಹೆಚ್ಚಿರುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಕಲ್ಲಿದ್ದಲಿನ ಮೇಲೆಯೇ ಹೆಚ್ಚಿನ ಭಾರ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಸುಮ್ ಯೋಜನೆಯ ತಿರುಳು ಇದೇ. ಅದರ ಒಂದು ಭಾಗದಲ್ಲಿ ಲೈನು ಇಲ್ಲದ ಕಡೆ ರೈತನಿಗೆ ಸೌರ ಪಂಪು. ಇನ್ನೊಂದು ಭಾಗದಲ್ಲಿ ಕೃಷಿ ಫೀಡರಿಗೇ ಹತ್ತಿರದಲ್ಲಿ ಸೌರ ಸ್ಥಾವರ ಕಟ್ಟಿ, ಆ ಫೀಡರಿನ ಎಲ್ಲ ಪಂಪುಗಳಿಗೂ ಹಗಲಿನಲ್ಲೇ ಕರೆಂಟು ಕೊಡುವ ಏರ್ಪಾಡು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಸೌರ ಪಂಪಿಗೆ ಹೊಗೆಯಿಲ್ಲ, ಬಿಲ್ಲಿಲ್ಲ. ಆದರೆ ನೆಲದಡಿಯ ನೀರಿಗೆ ಮಿತಿಯಿದೆ. ಬಿಸಿಲು ಪುಕ್ಕಟೆಯೆಂದು ಬಾವಿ ಬತ್ತಿಸಿದರೆ ಯೋಜನೆಯ ಫಲವೇ ನಷ್ಟ.

ಗದ್ದೆ ಮತ್ತು ಗೊಬ್ಬರ

ಗದ್ದೆಯಲ್ಲಿ ನೀರು ಸದಾ ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಕಡ್ಡಿಕಸವನ್ನು ತಿಂದು ಮೀಥೇನ್ ಬಿಡುತ್ತವೆ. ಕೆಸರಿನಲ್ಲಿ ಕಾಲಿಟ್ಟಾಗ ಏಳುವ ಗುಳ್ಳೆಗಳಲ್ಲಿ ಅದು ಇರುತ್ತದೆ. ನಡುನಡುವೆ ನೀರು ಇಳಿಸಿ ಮಣ್ಣಿಗೆ ಗಾಳಿ ಆಡಿಸಿದರೆ ಈ ಜೀವಿಗಳ ಆಟ ನಿಲ್ಲುತ್ತದೆ. ಮೀಥೇನ್ ಅರ್ಧದಷ್ಟು ಕಡಿಮೆಯಾಗಬಹುದು, ನೀರೂ ಉಳಿಯುತ್ತದೆ.

ಇದನ್ನು ಮಾಡುವ ಕ್ರಮ ಸುಲಭ. ಒಂದು ಅಡಿ ಉದ್ದದ, ನಾಲ್ಕರಿಂದ ಆರು ಅಂಗುಲ ಅಗಲದ ಪಿವಿಸಿ ಪೈಪಿನ ಕೆಳಗಿನ ಭಾಗಕ್ಕೆಲ್ಲ ಸಣ್ಣ ತೂತುಗಳನ್ನು ಕೊರೆಯಿರಿ. ಅರ್ಧ ಅಡಿ ಮೇಲೆ ಕಾಣುವಂತೆ ಗದ್ದೆಯಲ್ಲಿ ಹೂತು, ಒಳಗಿನ ಮಣ್ಣನ್ನು ತೆಗೆಯಿರಿ. ಒಳಗೆ ನೋಡಿದರೆ ನೆಲದಡಿ ನೀರು ಎಲ್ಲಿದೆಯೆಂಬುದು ಕಾಣುತ್ತದೆ. ನಾಟಿಯಾಗಿ ಎರಡು ವಾರದ ಮೇಲೆ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿಯುವವರೆಗೆ ಕಾಯಿರಿ. ಆಮೇಲೆ ಎರಡು ಅಂಗುಲ ನಿಲ್ಲುವಷ್ಟು ಹಾಯಿಸಿ. ಮತ್ತೆ ಇಳಿಯಲಿ, ಮತ್ತೆ ಹಾಯಿಸಿ. ಹೂ ಬಿಡುವ ಹಿಂದಿನ ಮುಂದಿನ ಒಂದೊಂದು ವಾರ ಮಾತ್ರ ನೀರು ತಪ್ಪಿಸಬಾರದು. ಕಳೆ ಬಹಳವಿದ್ದರೆ ಮೊದಲು ಕಳೆ ತೆಗೆದು ಆಮೇಲೆ ಈ ಕ್ರಮಕ್ಕೆ ಇಳಿಯಿರಿ. ನಾಲೆಯ ನೀರು ಸರದಿಯಲ್ಲಿ ಬರುವ ಕಡೆ ಒಬ್ಬನೇ ರೈತ ಇದನ್ನು ಮಾಡುವುದು ಕಷ್ಟ. ನೀರು ಬಳಕೆದಾರರ ಸಂಘದವರೆಲ್ಲ ಕೂಡಿ ಮಾಡಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೆಲವರು ನಾಟಿಯನ್ನೇ ಬಿಟ್ಟು ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ಅದರಿಂದಲೂ ನೀರು, ಕೂಲಿ ಎರಡೂ ಉಳಿಯುತ್ತವೆ.

ಇನ್ನು ಯೂರಿಯಾ. ಎಲೆ ಕಪ್ಪು ಹಸಿರಾದರೆ ಬೆಳೆ ಚೆನ್ನಾಯಿತೆಂದು ಮೂಟೆಯ ಮೇಲೆ ಮೂಟೆ ಸುರಿಯುವ ರೂಢಿ ಬಿಡಬೇಕು. ಬೆಳೆ ಉಣ್ಣದ ಸಾರಜನಕ ಗಾಳಿಗೆ ಹಾರುತ್ತದೆ, ಇಲ್ಲವೆ ನೀರಿಗೆ ಇಳಿಯುತ್ತದೆ. ಹೆಚ್ಚಾದ ಯೂರಿಯಾ ಹುಳುರೋಗಗಳನ್ನು ಕರೆಯುತ್ತದೆ; ಪೈರು ಮಲಗುತ್ತದೆ. 2015ರಿಂದ ಸರ್ಕಾರ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪಿಸಬೇಕೆಂದು ಕಡ್ಡಾಯ ಮಾಡಿತು. ಲೇಪದಿಂದ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಅದೇ ವರ್ಷ ಮಣ್ಣು ಆರೋಗ್ಯ ಚೀಟಿಯ ಯೋಜನೆಯೂ ಬಂದಿತು. ಆ ಚೀಟಿ ಪೆಟ್ಟಿಗೆಯಲ್ಲಿಡಲು ಕೊಟ್ಟದ್ದಲ್ಲ. ಅದರಲ್ಲಿ ಬರೆದಷ್ಟನ್ನೇ ಎರಡು ಮೂರು ಕಂತಿನಲ್ಲಿ, ಮಣ್ಣಿನಲ್ಲಿ ತೇವವಿದ್ದಾಗ ಕೊಡಿ. ಭತ್ತಕ್ಕೆ ಮುಂಚೆ ಸೆಣಬು ಅಥವಾ ಡಯಂಚ ಬೆಳೆಸಿ ಮಣ್ಣಿಗೆ ಸೇರಿಸುವುದು, ರಾಗಿಯ ಸಾಲಿನ ನಡುವೆ ತೊಗರಿ, ಅವರೆ ಬಿತ್ತುವುದು ನಮ್ಮ ಹಿರಿಯರಿಗೆ ತಿಳಿದಿದ್ದ ಗೊಬ್ಬರದ ಕಾರ್ಖಾನೆಗಳು. ಅವಕ್ಕೆ ಹೊಗೆಗೂಡು ಬೇಡ.

ಕಬ್ಬು ಕಡಿದ ಮೇಲೆ ಉಳಿದ ತರಗಿಗೆ, ಉತ್ತರದ ಜಿಲ್ಲೆಗಳಲ್ಲಿ ರವದಿ ಎನ್ನುತ್ತಾರೆ, ಬೆಂಕಿ ಹಚ್ಚಬೇಡಿ. ಸಾಲಿನ ನಡುವೆ ಹರಡಿದರೆ ತೇವ ಉಳಿಯುತ್ತದೆ, ಕಳೆ ಅಡಗುತ್ತದೆ, ಕೂಳೆ ಬೆಳೆಗೆ ಗೊಬ್ಬರವಾಗುತ್ತದೆ.

ಒಲೆ ಮತ್ತು ಕೊಟ್ಟಿಗೆ

ಹೊಗೆಯ ಲೆಕ್ಕವನ್ನು ಮೊದಲು ದೇಹದಿಂದ ತೆರುವವರು ಅಡಿಗೆಮನೆಯ ತಾಯಂದಿರು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹೆಚ್ಚಿನ ಪಾಲು ಪಾತ್ರೆಗೆ ತಗಲದೆ ಹೋಗುತ್ತದೆ; ಅರೆಬೆಂದ ಹೊಗೆ ಕಣ್ಣಿಗೂ ಎದೆಗೂ ಹೋಗುತ್ತದೆ. ಕಡಿದ ಮರದ ಬದಲು ಮರ ಬೆಳೆದರೆ ಸೌದೆಯ ಇಂಗಾಲಾಮ್ಲವನ್ನು ಅದು ಮರಳಿ ಹೀರುತ್ತದೆ. ಆದರೆ ಹೊಗೆಯಲ್ಲಿರುವ ಮಸಿ, ಮೀಥೇನ್‌ಗಳಿಗೆ ಆ ಲೆಕ್ಕ ನಡೆಯದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಗಳಿಗಾಗಿಯೇ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಅಲ್ಲಿಂದ ಬಂದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ, ಸೌದೆ ಬಹಳಷ್ಟು ಉಳಿಯುತ್ತದೆ. ಸಾವಿರಾರು ಮನೆಗಳಲ್ಲಿ ಕಟ್ಟಿದರು. ಆದರೆ ಕೊಳವೆಯ ಮಸಿ ತೆಗೆಯದೆ, ಬಿರುಕು ಮುಚ್ಚದೆ ಹಲವು ಕಡೆ ಮೂಲೆಗುಂಪಾಯಿತು. ಯಾವ ಸಾಧನವಾದರೂ ತಿಂಗಳಿಗೊಮ್ಮೆ ಕೈ ಕೇಳುತ್ತದೆ.

2016ರಲ್ಲಿ ಉಜ್ವಲ ಯೋಜನೆ ಬಂದು ಬಡವರ ಮನೆಗೂ ಗ್ಯಾಸ್ ಸಿಲಿಂಡರ್ ಬಂದಿತು. ಗ್ಯಾಸು ನೆಲದಡಿಯ ಇಂಧನವೇ ಆದರೂ ಮಸಿಯಿಲ್ಲದೆ ಉರಿಯುತ್ತದೆ; ಆರೋಗ್ಯದ ಲಾಭ ದೊಡ್ಡದು. ಮರಳಿ ತುಂಬಿಸಲು ಹಣ ಹೊಂದದೆ ಮತ್ತೆ ಒಲೆಗೇ ಹೋಗುವ ಮನೆಗಳು ಬಹಳವಿವೆ. ಅವರಿಗೆ ಕುಕ್ಕರ್, ನೆನೆಸಿದ ಬೇಳೆ, ಮುಚ್ಚಿದ ಪಾತ್ರೆ, ಇವೇ ಮೊದಲ ಉಳಿತಾಯ. ದನಗಳಿದ್ದರೆ ಇನ್ನೊಂದು ದಾರಿಯಿದೆ: ಗೋಬರ್ ಗ್ಯಾಸ್.

ಸಗಣಿ ಗುಂಡಿಯಲ್ಲಿ ಕೊಳೆತಾಗ ಮೀಥೇನ್ ಗಾಳಿಗೆ ಸೇರುತ್ತದೆ. ಬೆರಣಿ ತಟ್ಟಿ ಸುಟ್ಟರೆ ಹೊಲಕ್ಕೆ ಸೇರಬೇಕಾದ ಸಾರಜನಕ ಹೊಗೆಯೊಡನೆ ಗಾಳಿಗೆ ಹೋಗಿ ನಷ್ಟವಾಗುತ್ತದೆ. ಅದೇ ಸಗಣಿಯನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ಒಲೆಗೆ ಬಂದು ಉರಿಯುತ್ತದೆ. ಉರಿದ ಮೇಲೆ ಅದು ಬಲಹೀನವಾದ ಇಂಗಾಲಾಮ್ಲವಾಗುತ್ತದೆ. ಉಳಿದ ಬಗ್ಗಡದಲ್ಲಿ ಸಾರಜನಕ ಹಾಗೆಯೇ ಉಳಿದು ಹೊಲಕ್ಕೆ ಹೋಗುತ್ತದೆ. ಒಂದೇ ಸಗಣಿಯಿಂದ ಅಡಿಗೆಯೂ ಆಯಿತು, ಗೊಬ್ಬರವೂ ಆಯಿತು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಎಂದರೆ ನಾಲ್ಕೈದು ದನ. ಸರಿಯಾಗಿ ನಡೆದರೆ ತಿಂಗಳಿಗೆ ಒಂದಕ್ಕೂ ಹೆಚ್ಚು ಸಿಲಿಂಡರಿನ ಕೆಲಸ ಅದರಿಂದ ಆಗುತ್ತದೆ. ಎರಡೇ ದನವಿದ್ದವರು ಚಿಕ್ಕ ಘಟಕ ಕಟ್ಟಲಿ, ಇಲ್ಲವೆ ಪಕ್ಕದ ಮನೆಯವರೊಂದಿಗೆ ಕೂಡಲಿ. ಪೈಪಿನಲ್ಲಿ ಸೋರಿಕೆ ಮಾತ್ರ ಇರಕೂಡದು. ಸೋರಿದ ಮೀಥೇನ್ ಉರಿದದ್ದಕ್ಕಿಂತ ಕೇಡು.

ಉತ್ತರ ಕನ್ನಡದ ಸಿರ್ಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸ್ ಹತ್ತಾರು ವರ್ಷಗಳಿಂದ ಉರಿಯುತ್ತಿದೆ. ಬೇರೆ ಕಡೆ ಕಟ್ಟಿದ ಘಟಕಗಳು ನಿಂತುಹೋದಾಗಲೂ ಅಲ್ಲಿ ನಡೆದದ್ದೇಕೆ? ಮನೆಯ ಬಳಿಯೇ ಕೊಟ್ಟಿಗೆ, ನೀರಿಗೆ ಕೊರತೆಯಿಲ್ಲ, ಬಗ್ಗಡಕ್ಕೆ ತೋಟ ಸಿದ್ಧ, ಕೆಟ್ಟರೆ ಸರಿಪಡಿಸುವ ಮೇಸ್ತ್ರಿ ಊರಿನಲ್ಲೇ ಇದ್ದಾನೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ 1987ರಿಂದ ಹಲವು ವರ್ಷ ಊರ ದನಗಳ ಸಗಣಿಯಿಂದಲೇ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಸಹಾಯಧನ ಘಟಕವನ್ನು ಕಟ್ಟಿಸಬಲ್ಲುದು. ನಡೆಸುವುದು ಮನೆಯವರ ಕೈಯಲ್ಲಿದೆ.

ಹಸುವಿನ ಮೆಲುಕಿನ ಮೀಥೇನ್‌ಗಾಗಿ ಹಸು ಮಾರಬೇಕೆಂದು ಯಾರೂ ಹೇಳುತ್ತಿಲ್ಲ. 2021ರಲ್ಲಿ ಹಲವು ದೇಶಗಳು ಮೀಥೇನ್ ಕಡಿತದ ಪ್ರತಿಜ್ಞೆ ಮಾಡಿದಾಗ ಭಾರತ ಅದರಲ್ಲಿ ಸೇರಲಿಲ್ಲ; ಸಣ್ಣ ರೈತರ ಗದ್ದೆ, ದನಗಳ ಮೇಲೆ ಭಾರ ಬೀಳಬಾರದೆಂಬುದು ಒಂದು ಕಾರಣ. ಒಣಹುಲ್ಲಿನ ಜೊತೆಗೆ ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಕೊಟ್ಟರೆ ಹಾಲು ಹೆಚ್ಚುತ್ತದೆ. ಲೀಟರಿಗೆ ಹೊರಡುವ ಮೀಥೇನ್ ತಾನೇ ಇಳಿಯುತ್ತದೆ.

ದೀಪ, ಫ್ಯಾನು, ಊಟ

60 ವಾಟಿನ ಹಳೆಯ ಬಲ್ಬಿನ ಕೆಲಸವನ್ನು 9 ವಾಟಿನ ಎಲ್‌ಇಡಿ ಮಾಡುತ್ತದೆ. 2015ರಲ್ಲಿ ಆರಂಭವಾದ ಉಜಾಲ ಯೋಜನೆಯಲ್ಲಿ ದೇಶಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಮನೆ ಸೇರಿದವು. ಒಬ್ಬನು ಬಲ್ಬು ಬದಲಿಸಿದರೆ ಏನಾದೀತೆಂದು ಕೇಳುವವರಿಗೆ ಇದು ಉತ್ತರ: ಹನಿ ಹನಿ ಕೂಡಿದರೆ ಹಳ್ಳ. ಈಗ ಫ್ಯಾನಿನ ಸರದಿ. ಹಳೆಯ ಫ್ಯಾನಿಗೆ ಸುಮಾರು 75 ವಾಟು. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ವರ್ಷಕ್ಕೆ 160 ಯೂನಿಟ್ ಉಳಿಯುತ್ತದೆ. ಹೊಸದಾಗಿ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ನಕ್ಷತ್ರಗಳನ್ನು ಎಣಿಸಿ. 2023ರಿಂದ ಫ್ಯಾನಿಗೂ ಆ ಗುರುತು ಕಡ್ಡಾಯವಾಗಿದೆ.

ಊಟದ ಮಾತೂ ಇದರಲ್ಲಿ ಸೇರಿದೆ. ರಾಗಿ, ಜೋಳ, ನವಣೆಗಳಿಗೆ ನಿಂತ ನೀರು ಬೇಡ, ಗೊಬ್ಬರ ಕಡಿಮೆ ಸಾಕು, ಬರದಲ್ಲೂ ಕೈಬಿಡವು. ದಿನಕ್ಕೊಂದು ಹೊತ್ತು ಮುದ್ದೆಯೋ ರೊಟ್ಟಿಯೋ ಇದ್ದರೆ ದೇಹಕ್ಕೂ ಹಿತ, ಹೊಲಕ್ಕೂ ಹಿತ. ಬದುವಿನ ಮೇಲೆ ಹೊಂಗೆ, ಬೇವು, ಹಲಸು, ನುಗ್ಗೆ ನೆಡಿ. ಗಾಳಿಯ ಇಂಗಾಲಾಮ್ಲವನ್ನು ಮರ ಕಟ್ಟಿಗೆಯಾಗಿ ಕೂಡಿಡುತ್ತದೆ. ಬದುಕುಳಿದ ಪ್ರತಿ ಸಸಿಗೂ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ.

ಗ್ರಾಮಸಭೆಯಲ್ಲಿ ಕೇಳಿ

ನಿಮ್ಮ ಕೈಯಲ್ಲಿರುವುದನ್ನು ನೀವು ಮಾಡಿದ ಮೇಲೆ, ಸರ್ಕಾರದ ಕೈಯಲ್ಲಿರುವುದನ್ನು ಕೇಳುವ ಹಕ್ಕು ನಿಮಗುಂಟು. ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನಿಡಿ: ನಮ್ಮ ಫೀಡರಿಗೆ ಸೌರ ವಿದ್ಯುತ್ ಯಾವಾಗ? ಪಂಪಿಗೆ ಕರೆಂಟು ಹಗಲಿನಲ್ಲೇ ಸಿಗುವುದೇ? ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು ಯಾವ ವಾರ? ಗೋಬರ್ ಗ್ಯಾಸಿಗೆ ಸಹಾಯಧನ ಎಷ್ಟು, ಅರ್ಜಿ ಎಲ್ಲಿ? ಊರ ಬೀದಿದೀಪಗಳು ಹಗಲೆಲ್ಲ ಏಕೆ ಉರಿಯುತ್ತಿವೆ? 2024ರಲ್ಲಿ ಬಂದ ಸೂರ್ಯಘರ್ ಯೋಜನೆಯಂತೆ ಮನೆಯ ಮಾಳಿಗೆಗೆ ಸೌರ ಫಲಕ ಹಾಕಿಸುವ ಕ್ರಮವೇನು? ಯೋಜನೆಗಳ ನಿಯಮ, ಮೊತ್ತಗಳು ಆಗಾಗ ಬದಲಾಗುವುದರಿಂದ ದಲ್ಲಾಳಿಗಳ ಮಾತು ನಂಬದೆ ಪಂಚಾಯಿತಿ ಕಚೇರಿ, ರೈತ ಸಂಪರ್ಕ ಕೇಂದ್ರ, ವಿದ್ಯುತ್ ಕಂಪನಿಯ ಕಚೇರಿಗಳಲ್ಲಿಯೇ ತಿಳಿದುಕೊಳ್ಳಿ.

ಬಂಧುಗಳೇ, ದೇಶದ ನೀತಿ ನಾಲೆಯಿದ್ದಂತೆ. ಮನೆಯ ಕೆಲಸ ಹೊಲದ ಮಡಿಯಿದ್ದಂತೆ. ನಾಲೆಯಲ್ಲಿ ನೀರು ಬಾರದೆ ಮಡಿ ಕಟ್ಟಿ ಫಲವಿಲ್ಲ. ಮಡಿ ಕಟ್ಟದೆ ನಾಲೆಯ ನೀರು ಹರಿದು ಹಳ್ಳ ಸೇರುತ್ತದೆ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕಾಗಿಲ್ಲ. ಈ ಹಂಗಾಮಿನಲ್ಲಿ ಆಟೋ ಸ್ಟಾರ್ಟರಿಗೆ ಟೈಮರ್ ಹಾಕಿಸಿ, ಗದ್ದೆಯಲ್ಲಿ ಒಂದು ತೂತಿನ ಪೈಪು ಹೂಳಿ, ಮಣ್ಣು ಆರೋಗ್ಯ ಚೀಟಿಯನ್ನು ಪೆಟ್ಟಿಗೆಯಿಂದ ಹೊರತೆಗೆಯಿರಿ. ಉಳಿದ ನೀರು, ಗೊಬ್ಬರ, ಸೌದೆಗಳನ್ನು ಗೋಡೆಯ ಮೇಲೆ ಗೆರೆ ಎಳೆದಾದರೂ ಲೆಕ್ಕವಿಡಿ. ಹಂಗಾಮು ಮುಗಿದ ಮೇಲೆ ಆ ಗೆರೆಗಳನ್ನು ನೆರೆಯವನಿಗೆ ತೋರಿಸಿ. ಮುಂದಿನ ವರ್ಷ ಅವನ ಗದ್ದೆಯಲ್ಲಿಯೂ ಒಂದು ಪೈಪು ನಿಂತಿರುತ್ತದೆ.